ಜನವರಿಲಿ ಸ್ಪಿತಿಗೆ ಬೈಕಲ್ಲಿ ಹೋಗೋರು ಮೊದ್ಲು ಎಂಜಿನ್ ಆಯಿಲ್ ನೋಡ್ಕೊಳ್ಳಿ

ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ರೈಡ್ ಅಂದ್ರೆ ನಮ್ಮ ಹುಡುಗ್ರು ಜಾಕೆಟ್ಟು ಗ್ಲೌಸಿಗೆ ಸಾವಿರಾರು ರೂಪಾಯಿ ಸುರೀತಾರೆ, ಆಯಿಲ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಅಲ್ಲಿನ ಮುಖ್ಯ ಊರು ಕಾಜಾದಲ್ಲಿ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗುತ್ತೋ ಇಲ್ವೋ ಅನ್ನೋದು ಬಹಳಷ್ಟು ಅದ್ರ ಮೇಲೇ ನಿಂತಿದೆ.

ದಾರಿ ಒಂದೇ. ಕುಂಜುಮ್ ಪಾಸ್ ಹಿಮ ಬಿದ್ದು ಮುಚ್ಚಿರುತ್ತೆ, ಮನಾಲಿ ಕಡೆಯಿಂದ ಆಗಲ್ಲ, ಶಿಮ್ಲಾ, ರಾಮ್‌ಪುರ, ರೆಕಾಂಗ್ ಪಿಯೋ, ನಾಕೋ, ತಾಬೋ ಮೇಲೆ ಕಾಜಾಗೆ ಹೋಗ್ಬೇಕು. ಪಿಯೋ ಹತ್ರ ಟ್ಯಾಂಕ್ ಫುಲ್ ಮಾಡ್ಸಿ, ಆಮೇಲೆ ಕಾಜಾವರೆಗೆ ಬಂಕ್ ನಂಬ್ಕೋಬೇಡಿ.

ಈಗ ಆಯಿಲ್ ವಿಷ್ಯ. ಡಬ್ಬಿ ಮೇಲೆ 20W-50, 15W-50, 10W-50 ಅಂತೆಲ್ಲ ಇರುತ್ತಲ್ಲ, W ಅಂದ್ರೆ ವಿಂಟರ್, ಅದಕ್ಕೂ ಮೊದ್ಲು ಬರೋ ನಂಬರ್ ಕಮ್ಮಿ ಆದಷ್ಟೂ ಚಳಿಲಿ ಆಯಿಲ್ ಬೇಗ ಹರಿಯುತ್ತೆ. 20W ಆಯಿಲ್‌ನ ಕ್ರ್ಯಾಂಕಿಂಗ್ ಟೆಸ್ಟ್ (ಚಳಿಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ತಿರುಗುತ್ತಾ ಅಂತ ನೋಡೋದು) ಮಾಡೋದು ಮೈನಸ್ 15 ಡಿಗ್ರಿಲಿ, 15W ಮೈನಸ್ 20, 10W ಮೈನಸ್ 25, 5W ಮೈನಸ್ 30. ಕಾಜಾದಲ್ಲಿ ಜನವರಿ ರಾತ್ರಿ ಮೈನಸ್ 20 ದಾಟೋದು ಉಂಟು, ಅಲ್ಲಿಗೆ 20W ಯಾಕೆ ಸಾಕಾಗಲ್ಲ ಅಂತ ಗೊತ್ತಾಯ್ತಲ್ಲ.

ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ಗೆ ಕಂಪನಿ ಹೇಳೋದು 15W-50, ನಾನು ಹೊರಡೋ ಮುಂಚೆ 10W-50 ಫುಲ್ ಸಿಂಥೆಟಿಕ್ ಹಾಕ್ಸಿದ್ದೆ. ಜೊತೆಗೆ ಬಂದ ಗೆಳೆಯನ ಬೈಕಲ್ಲಿ 20W-50 ಇತ್ತು. ಟಾಪ್-ಅಪ್‌ಗೆ ಅಂತ ಇಬ್ರೂ ಒಂದೊಂದು ಬಾಟ್ಲಿ ತಂದಿದ್ವಿ, ರಾತ್ರಿಯೆಲ್ಲ ಅವು ಲಗೇಜ್ ಜೊತೆ ಹೊರಗೇ ಇದ್ವು. ಬೆಳಿಗ್ಗೆ ಎರಡನ್ನೂ ಓರೆ ಮಾಡಿ ನೋಡಿದ್ರೆ, ನಂದು ನಿಧಾನವಾಗಿ ಆದ್ರೂ ಸುರೀತಿತ್ತು, ಅವಂದು ಜೋನಿಬೆಲ್ಲದ ತರ ಬಾಯಿ ಹತ್ರ ಬಂದು ಅಲ್ಲೇ ನಿಂತ್ಕೊಂಡು ಬಿಡ್ತು. ಅದೇ ಆಯಿಲ್ ಎಂಜಿನ್ ಒಳಗೂ ಇದೆ, ಪಂಪ್ ಎಳೀಬೇಕು, ಕ್ರ್ಯಾಂಕ್ ತಿರುಗ್ಬೇಕು, ಬ್ಯಾಟರಿ ಬೇರೆ ಚಳಿಗೆ ಅರ್ಧ ಶಕ್ತಿ ಕಳ್ಕೊಂಡಿರುತ್ತೆ. ಅವನ ಬೈಕ್ ಸ್ಟಾರ್ಟ್ ಆಗೋಕೆ ಬಿಸಿಲು ಬರೋವರೆಗೂ ಕಾಯ್ಬೇಕಾಯ್ತು.

ಮೊದಲ್ನೇ ನಂಬರ್ ಕಮ್ಮಿ ಮಾಡಿ, ಕೊನೆ ನಂಬರ್ ಮಾತ್ರ ನಿಮ್ಮ ಮ್ಯಾನ್ಯುಯಲ್ ಹೇಳಿದ್ದನ್ನೇ ಇಟ್ಕೊಳ್ಳಿ, ಯಾಕಂದ್ರೆ ಎಂಜಿನ್ ಕಾದ ಮೇಲೆ ಕಾಪಾಡೋದು ಅದೇ. ಇನ್ನೊಂದು, ಅಂಗಡಿಲಿ 5W-30 ಕಾರ್ ಆಯಿಲ್ ಸಿಗುತ್ತೆ ಅಂತ ಹಾಕ್ಬಿಡ್ಬೇಡಿ. ನಮ್ಮ ಬೈಕ್‌ಗಳಲ್ಲಿ ಕ್ಲಚ್ಚೂ ಅದೇ ಆಯಿಲಲ್ಲಿ ಮುಳುಗಿರುತ್ತೆ, ಕಾರ್ ಆಯಿಲಲ್ಲಿರೋ ಫ್ರಿಕ್ಷನ್ ಮಾಡಿಫೈಯರ್‌ಗೆ ಕ್ಲಚ್ ಸ್ಲಿಪ್ ಆಗ್ಬಹುದು. ಡಬ್ಬಿ ಮೇಲೆ ಜಾಸೋ (JASO, ಜಪಾನಿನ ಆಯಿಲ್ ಮಾನದಂಡ) MA ಅಥವಾ MA2 ಅಂತ ಇರ್ಲೇಬೇಕು, MB ಸ್ಕೂಟರ್‌ಗಳಿಗೆ.

ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ನ್ಯೂಟ್ರಲಲ್ಲಿದ್ರೂ ಕ್ಲಚ್ ಹಿಡ್ದೇ ಇರಿ, ಗೇರ್‌ಬಾಕ್ಸಲ್ಲಿರೋ ದಪ್ಪ ಆಯಿಲನ್ನ ಸ್ಟಾರ್ಟರ್ ತಿರುಗಿಸೋ ಕಷ್ಟ ತಪ್ಪುತ್ತೆ. ಐದು ಸೆಕೆಂಡ್ ಒತ್ತಿ, ಅರ್ಧ ನಿಮಿಷ ಬಿಡಿ, ಮತ್ತೆ ಒತ್ತಿ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ತಿರುಚ್ಬೇಡಿ ದಯವಿಟ್ಟು, ಆಯಿಲ್ ಇನ್ನೂ ಮೇಲಕ್ಕೆ ತಲುಪಿರಲ್ಲ. ಒಂದೆರಡು ನಿಮಿಷ ಐಡಲ್ ಬಿಟ್ಟು ನಿಧಾನಕ್ಕೆ ಹೊರಡಿ. ರಾತ್ರಿ ಸಾಧ್ಯ ಆದ್ರೆ ಬ್ಯಾಟರಿ ಬಿಚ್ಚಿ ರೂಮಿಗೆ ತಗೊಂಡ್ಹೋಗಿ, ಬೆಳಗಿನ ಬಿಸಿಲು ಬೀಳೋ ಜಾಗದಲ್ಲಿ ಬೈಕ್ ನಿಲ್ಸಿ. ಎಂಜಿನ್ ಕೆಳಗೆ ಬೆಂಕಿ ಹಾಕೋಕೆ ಯಾರು ಹೇಳಿದ್ರೂ ಕೇಳ್ಬೇಡಿ, ಪೆಟ್ರೋಲ್ ಗಾಡಿ ಅದು. ಹೇಗೂ ಹತ್ತು ಗಂಟೆಗೆ ಮುಂಚೆ ಹೊರಡ್ಬಾರ್ದು, ರಸ್ತೆ ಮೇಲೆ ಹರಿದ ನೀರು ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತೆ, ಕಣ್ಣಿಗೂ ಕಾಣಲ್ಲ.

ಲಿಕ್ವಿಡ್ ಕೂಲ್ಡ್ ಬೈಕಾದ್ರೆ ಕೂಲಂಟಿಗೆ ಬರೀ ನೀರು ಸೇರ್ಸಿದ್ದಾರಾ ಅಂತ ಬೆಂಗಳೂರಲ್ಲೇ ಚೆಕ್ ಮಾಡ್ಸಿ, ಅರ್ಧಕ್ಕರ್ಧ ಆಂಟಿಫ್ರೀಜ್ ಇರ್ಬೇಕು. ಊಟಿ, ಕೊಡಗಿನ ಚಳಿಗೆ ಇದ್ಯಾವುದೂ ಬೇಡ, ಮಾಮೂಲಿ ಆಯಿಲೇ ಸಾಕು. ವಾಪಸ್ ಬಂದ ಮೇಲೂ 10W-50 ತೆಗೆಸ್ಬೇಕಾಗಿಲ್ಲ, ಕೊನೆ ನಂಬರ್ ಅದೇ ಇರೋದ್ರಿಂದ ನಮ್ಮೂರ ಬಿಸಿಲಿಗೂ ತಡ್ಕೊಳ್ಳುತ್ತೆ, ಮುಂದಿನ ಸರ್ವಿಸ್‌ವರೆಗೆ ಆರಾಮಾಗಿ ಓಡ್ಸಿ.