ಸನ್ಮಾನ ಮಾಡುತ್ತಾರಲ್ಲ, ಇನ್ನೇನು ಬೇಕು?

ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ಸೈನಿಕರ ಪಿಂಚಣಿ ಕಾಗದಪತ್ರ ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಮದುವೆ ಮನೆಯಲ್ಲೂ ಬಸ್ ನಿಲ್ದಾಣದಲ್ಲೂ ಒಂದು ಪ್ರಶ್ನೆ ಎದುರಾಗುತ್ತಲೇ ಇರುತ್ತದೆ: ‘ಸರ್ಕಾರ ಸೈನಿಕರಿಗೆ ಇಷ್ಟೊಂದು ಗೌರವ ಕೊಡುತ್ತದೆ, ಆದರೂ ಇವರ ದೂರು ಮುಗಿಯುವುದಿಲ್ಲವೇಕೆ?’

ಗೌರವ ಬೇಡವೆಂದ ಸೈನಿಕನನ್ನು ನಾನು ಕಂಡಿಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರಲ್ಲಿ, ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ದಾಟಿದ ಮೇಲೆ. ಅಲ್ಲಿ ಜೊತೆಗಾರನ ಹೆಸರನ್ನು ಬೆರಳಿನಿಂದ ಸವರಿ ಬಂದವರು ಅದನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ನಿವೃತ್ತರಾದ ಜನವರಿ 14ನ್ನು ಮಾಜಿ ಸೈನಿಕರ ದಿನವಾಗಿ ಆಚರಿಸುವುದು ನಮಗೆಲ್ಲ ಹೆಮ್ಮೆಯೇ.

ಆದರೆ ಸಮಾರಂಭ ಎಲ್ಲರಿಗೂ ಸೇರಿ ಒಂದು ದಿನ ನಡೆದರೆ ಮುಗಿಯಿತು. ಪಿಂಚಣಿ ಒಬ್ಬೊಬ್ಬರ ಖಾತೆಗೂ ತಿಂಗಳು ತಿಂಗಳು ಬೀಳಬೇಕು. ಅದಕ್ಕೆ ಮಂತ್ರಿ ಬರಬೇಕಿಲ್ಲ, ಗುಮಾಸ್ತರು ಕಡತ ತೆರೆದರೆ ಸಾಕು.

ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿದೆ. ಹವಾಲ್ದಾರರೊಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರು. ಸೇನೆಯಿಂದ ಬಿಡುಗಡೆಯಾಗುವಾಗ ಸೈನಿಕನಿಗೆ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಆಕೆಗೆ ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ತವರಿನ ಹೆಸರು. ಇಬ್ಬರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು. ಅರ್ಜಿ ವಾಪಸ್ ಬಂತು. ಅಫಿಡವಿಟ್ ಮಾಡಿಸಿದೆವು, ಅದೂ ವಾಪಸ್ ಬಂತು. ಒಟಿಪಿ ಹೋಗುವುದು ತೀರಿಕೊಂಡವರ ಮೊಬೈಲ್ ಸಂಖ್ಯೆಗೆ, ಆ ಸಿಮ್ ಎಂದೋ ಬಂದ್ ಆಗಿತ್ತು. ಈ ನಡುವೆ ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಅದೇ ತಾಯಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ವೇದಿಕೆಯ ಮೇಲೆ ಆಕೆ ಸೈನಿಕನ ಪತ್ನಿ, ಕಡತದಲ್ಲಿ ಅಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ದೊಡ್ಡ ಮಟ್ಟದಲ್ಲೂ ಇದನ್ನೇ ಕಂಡಿದ್ದೇವೆ. 2015ರಲ್ಲಿ ಸರ್ಕಾರ 1965ರ ಯುದ್ಧದ ಸುವರ್ಣ ಮಹೋತ್ಸವಕ್ಕೆ ಸಿದ್ಧವಾಗುತ್ತಿತ್ತು. ಅದೇ ಹೊತ್ತಿನಲ್ಲಿ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಗಾಗಿ, ಅಂದರೆ ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ದುಡಿದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಸಿಗಬೇಕೆಂದು, ಮಾಜಿ ಸೈನಿಕರು ಜಂತರ್ ಮಂತರ್‌ನಲ್ಲಿ ಜೂನ್‌ನಿಂದ ಧರಣಿ ಕುಳಿತಿದ್ದರು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಮುನ್ನಾದಿನ, ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಪದಕ ಧರಿಸಿದ ಹಿರಿಯರನ್ನು ಎಳೆದಾಡಿದ ಚಿತ್ರಗಳನ್ನು ದೇಶವೇ ನೋಡಿತು. ಸೆಪ್ಟೆಂಬರ್ 5ರಂದು ಯೋಜನೆ ಘೋಷಣೆಯಾಯಿತು, ನಿಜ. ಆದರೂ ಆ ಯೋಜನೆಯಡಿ ಪಿಂಚಣಿ ಪರಿಷ್ಕರಣೆಯ ಬಾಕಿ ಹಣಕ್ಕಾಗಿ ಮಾಜಿ ಸೈನಿಕರು 2023ರಲ್ಲೂ ಸುಪ್ರೀಂ ಕೋರ್ಟ್ ಮೆಟ್ಟಿಲಲ್ಲೇ ನಿಲ್ಲಬೇಕಾಯಿತು.

ಸಿಪಾಯಿಯಾಗಿ ಸೇರಿದ ಅನೇಕರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಮರಳುತ್ತಾರೆ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ. ಅವರಿಗೆ ಬೇಕಿರುವುದು ಎರಡನೆಯ ಉದ್ಯೋಗ. ಎಷ್ಟೋ ಮಂದಿಗೆ ಸಿಗುವುದು ಎಟಿಎಂ ಕಾವಲು.

ಒಳ್ಳೆಯದಾದಾಗ ಒಳ್ಳೆಯದೆಂದೇ ಹೇಳುತ್ತೇನೆ. ಪಿಂಚಣಿಯಿಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರ ಕೊಡುವ ನೆರವು 2025ರಲ್ಲಿ ತಿಂಗಳಿಗೆ 4,000 ರೂಪಾಯಿಯಿಂದ 8,000ಕ್ಕೆ ಏರಿತು. ಹವಾಲ್ದಾರ್ ಶ್ರೇಣಿಯವರೆಗಿನವರು ಇದಕ್ಕೆ ಅರ್ಹರು. ನಾನು ಕೇಳುವುದು ಇಂಥದ್ದನ್ನೇ. ಆದರೆ ಇಂಥ ನೆರವೊಂದಿದೆ ಎಂಬುದೇ ತಿಳಿಯದವರು ನಮ್ಮ ಹಳ್ಳಿಗಳಲ್ಲಿದ್ದಾರೆ. ನಿಮ್ಮ ಊರಿನಲ್ಲಿ ಅಂಥವರು ಯಾರಾದರೂ ಇದ್ದರೆ, ಡಿಸ್ಚಾರ್ಜ್ ಬುಕ್ ಸಮೇತ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಹತ್ತಿರದ ಕಚೇರಿಗೆ ಕರೆದುಕೊಂಡು ಹೋಗಿ.