ಲೋ ವಿಸಲ್‌ನಲ್ಲಿ ಕಟ್, ಟ್ಯಾಪ್, ರೋಲ್

ಐರಿಶ್ ಸಂಗೀತದ ಲೋ ಡಿ ವಿಸಲ್, ಅಂದರೆ ತಗ್ಗು ಸ್ಥಾಯಿಯ ಕೊಳಲು, ಸುಮಾರು 60 ಸೆಂ.ಮೀ. ಉದ್ದ. ಆರು ರಂಧ್ರ, ಅವುಗಳ ನಡುವೆ ದೊಡ್ಡ ಅಂತರ. ಬೆರಳ ತುದಿಯಿಂದ ಮುಚ್ಚಲು ಹೋದರೆ ಕೈ ಬಿಗಿಯುತ್ತದೆ, ಗಾಳಿ ಸೋರುತ್ತದೆ. ಬೆರಳನ್ನು ನೇರವಾಗಿ ಚಾಚಿ ನಡುಗೆಣ್ಣಿನ ಮೆತ್ತೆಯಿಂದ ಮುಚ್ಚಿ. ಇದೇ ಪೈಪರ್ಸ್ ಗ್ರಿಪ್.

ಒಂದೇ ಸ್ವರವನ್ನು ಕಟ್, ಟ್ಯಾಪ್‌ಗಳಿಂದ ಮೂರಾಗಿ ಒಡೆಯುವ ಅಲಂಕಾರವೇ ಲಾಂಗ್ ರೋಲ್. ಜಿ ಸ್ವರದ ರೋಲ್ ನೋಡಿ. ಮೇಲಿನ ಮೂರು ರಂಧ್ರ ಮುಚ್ಚಿವೆ. ಮೊದಲ ಜಿ ಸ್ವಲ್ಪ ನಿಲ್ಲಲಿ. ಆಮೇಲೆ ಮೂರನೆಯ ರಂಧ್ರದ ಬೆರಳನ್ನು ಚಕ್ಕನೆ ಎತ್ತಿ ಇಳಿಸಿ: ಇದು ಕಟ್. ಮತ್ತೆ ಜಿ. ಈಗ ನಾಲ್ಕನೆಯ ರಂಧ್ರಕ್ಕೆ ಕೆಳಗೈ ತೋರುಬೆರಳು ಬಡಿದು ಪುಟಿಯಲಿ: ಇದು ಟ್ಯಾಪ್. ಕೊನೆಗೆ ಮತ್ತೊಂದು ಜಿ. ಊದು ನಿಲ್ಲಬಾರದು, ನಾಲಿಗೆಯಿಂದ ಸ್ವರ ಕಡಿಯುವುದು ಬೇಡ.

ಕಟ್ ಪ್ರತ್ಯೇಕ ಸ್ವರವಾಗಿ ಕೇಳಿಸಿದರೆ ಬೆರಳು ತುಂಬಾ ಹೊತ್ತು ಮೇಲಿರುತ್ತಿದೆ ಎಂದರ್ಥ. ಕೆಲವು ಮಿಲಿಮೀಟರ್ ಎತ್ತಿದರೆ ಸಾಕು. ಕರ್ನಾಟಕ ಕೊಳಲು ನುಡಿಸುವವರು ಇಲ್ಲಿ ಬೆರಳು ಜಾರಿಸಿಬಿಡುತ್ತಾರೆ. ಕಟ್‌ಗೆ ಗಮಕದ ಜಾರು ಹೊಂದುವುದಿಲ್ಲ.

ಕೆಳಗಿನ ಡಿಗೆ ರೋಲ್ ಇಲ್ಲ: ಆರೂ ಮುಚ್ಚಿರುವಾಗ ಬಡಿಯಲು ರಂಧ್ರವೆಲ್ಲಿ? ಅಲ್ಲಿ ಬೇರೆ ಬೇರೆ ಬೆರಳಿನ ಕಟ್‌ಗಳನ್ನು ಸಾಲಾಗಿ ಹಾಕುವ ಕ್ರಾನ್ ಬಳಸಿ.