ರಕ್ಷಣೆಯ ಹಣ, ಶಾಲೆಯ ಹಣ

ರಕ್ಷಣೆಗೆ ಖರ್ಚಾಗುವ ಹಣದಲ್ಲಿ ಎಷ್ಟು ಶಾಲೆಗಳನ್ನು ಕಟ್ಟಬಹುದಿತ್ತು ಎಂದು ಗೆಳೆಯರೊಬ್ಬರು ನಿನ್ನೆ ಕೇಳಿದ ಪ್ರಶ್ನೆ ಬೆಳಗಿನಿಂದಲೂ ನನ್ನನ್ನು ಬಿಟ್ಟಿಲ್ಲ. ಅದು ನ್ಯಾಯವಾದ ಪ್ರಶ್ನೆ. ಕೇಳಿದವರ ದೇಶಪ್ರೇಮವನ್ನು ಶಂಕಿಸುವುದು ತಪ್ಪು.

ಇಂಥ ಚರ್ಚೆಯಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದ ಹೆಸರು ಬಂದೇ ಬರುತ್ತದೆ. 1948ರ ಡಿಸೆಂಬರ್‌ನಲ್ಲಿ ಸೈನ್ಯವನ್ನು ರದ್ದುಮಾಡಿದ ಆ ದೇಶ ಮರುವರ್ಷ ಅದನ್ನು ಸಂವಿಧಾನದಲ್ಲಿಯೇ ಬರೆದಿಟ್ಟಿತು. ಆ ನಿರ್ಧಾರವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದೇ ತಿಂಗಳು ನೆರೆಯ ನಿಕರಾಗುವಾದ ಕಡೆಯಿಂದ ಸಶಸ್ತ್ರ ಗುಂಪೊಂದು ಗಡಿ ದಾಟಿ ಬಂದಾಗ, ಅಮೆರಿಕ ಖಂಡಗಳ ರಾಷ್ಟ್ರಗಳು ಮಾಡಿಕೊಂಡಿದ್ದ ಪರಸ್ಪರ ನೆರವಿನ ಒಪ್ಪಂದಕ್ಕೆ ಕೋಸ್ಟರಿಕಾ ಮೊರೆಹೋಗಬೇಕಾಯಿತು ಎಂಬುದನ್ನು ನಾವು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಸ್ಥಾಯಿ ಸೇನೆಯಿಲ್ಲದ ಐಸ್‌ಲ್ಯಾಂಡ್ ಕೂಡ 1949ರಿಂದಲೇ ನ್ಯಾಟೋ ಸೇನಾ ಒಕ್ಕೂಟದ ಸದಸ್ಯ. ಅಂದರೆ ಕಾವಲು ಇಲ್ಲವಾಗಿಲ್ಲ, ಅದರ ಭಾರ ಬೇರೆಯವರ ಹೆಗಲಿಗೂ ಹಂಚಿಕೆಯಾಗಿದೆ.

ನನ್ನನ್ನು ಹೆಚ್ಚು ಕಾಡುವುದು ಸ್ವೀಡನ್ನಿನ ಅನುಭವ. ಶಾಂತಿಕಾಲದ ಕಡ್ಡಾಯ ಸೈನಿಕ ಸೇವೆಯನ್ನು 2010ರಲ್ಲಿ ನಿಲ್ಲಿಸಿದ ಆ ದೇಶ, 2014ರಲ್ಲಿ ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡದ್ದನ್ನು ಕಂಡು, 2017ರಲ್ಲಿ ಆ ಸೇವೆಯನ್ನು ಮರಳಿ ತರಲು ತೀರ್ಮಾನಿಸಿತು. ಸೇನೆಯನ್ನು ಕರಗಿಸಲು ಒಂದು ಸಹಿ ಸಾಕು, ಆದರೆ ತರಬೇತುದಾರರನ್ನು, ಮದ್ದುಗುಂಡಿನ ದಾಸ್ತಾನನ್ನು, ಅವನ್ನು ತಯಾರಿಸುವ ಕಾರ್ಖಾನೆಗಳನ್ನು ಮತ್ತೆ ಕಟ್ಟಲು ವರ್ಷಗಳೇ ಬೇಕು.

ಹಾಗೆಂದು ಗೋಪ್ಯತೆಯ ಹೆಸರಿನಲ್ಲಿ ಪ್ರತಿಯೊಂದು ಖರೀದಿಯನ್ನೂ ಪ್ರಶ್ನಾತೀತವಾಗಿಸುವುದನ್ನು ನಾನು ಒಪ್ಪಲಾರೆ. ನಾಳೆ ಗೆಳೆಯರನ್ನು ಕಂಡು ಇಷ್ಟನ್ನು ಹೇಳಬೇಕು, ಅವರ ಶಾಲೆಗಳ ಲೆಕ್ಕವನ್ನೂ ಕುಳಿತು ಕೇಳಬೇಕು.